ಎರಡೂ ತುದಿಯಲ್ಲಿ ಕಂದು: ರೆಸಿಸ್ಟರಿನ ಬಣ್ಣ ಓದುವಲ್ಲಿ ಎಡವುವುದೆಲ್ಲಿ, ಹಿಡಿಯುವುದು ಹೇಗೆ

ದೂರು ಇಷ್ಟು. ಒಂದೇ 12 ವೋಲ್ಟ್ ಪೂರೈಕೆಯಿಂದ ನಡೆಯುವ ಪುಟ್ಟ ಆಡಿಯೊ ಆಂಪ್ಲಿಫೈಯರ್, ನಾನೇ ಜೋಡಿಸಿದ್ದು. ವಿದ್ಯುತ್ ಕೊಟ್ಟರೆ ಹೊಗೆಯಿಲ್ಲ, ಕರಕಲು ವಾಸನೆಯಿಲ್ಲ, ಬೆರಳಿಟ್ಟು ನೋಡಿದರೆ ಯಾವ ಭಾಗವೂ ಬಿಸಿಯಿಲ್ಲ. ಆದರೆ ಸ್ಪೀಕರಿನಿಂದ ಬರುವ ಮಾತಿನಲ್ಲಿ ಅರ್ಧ ಅಕ್ಷರಗಳು ಸತ್ತು ಉಳಿದರ್ಧ ಗೊರಗುಟ್ಟುತ್ತಿದ್ದವು. ಧ್ವನಿಯ ಸಂಕೇತವನ್ನು ಹಿಗ್ಗಿಸುವ ಐಸಿ, ಅಂದರೆ ಆಪ್-ಆಂಪ್, ಕೆಟ್ಟಿರಬೇಕೆಂದು ಬದಲಿಸಿದೆ. ಗೊರಗೊರ ಹಾಗೆಯೇ ಇತ್ತು. ಹೊಸದೂ ಕೆಟ್ಟದ್ದೇ ಇರಬೇಕೆಂದು ಮತ್ತೊಂದು ಹಾಕಿದೆ. ಐಸಿಯ ಮೇಲೆ ಒಮ್ಮೆ ಸಂಶಯ ಬಂದರೆ ಅದು ಬೇಗ ಹೋಗುವುದಿಲ್ಲ. ಎಂಟು ಕಾಲಿನ ಕಪ್ಪು ಡಬ್ಬಿಯೊಳಗೆ ಏನು ನಡೆಯುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲವಲ್ಲ. ವಿದ್ಯುತ್ತಿನ ಹರಿವನ್ನು ತಡೆಯುವ ರೆಸಿಸ್ಟರ್ ಹಾಗಲ್ಲ, ಎಷ್ಟು ಓಮ್ ತಡೆಯುತ್ತದೆ ಎಂಬ ತನ್ನ ಮೌಲ್ಯವನ್ನು ಬಣ್ಣದ ಪಟ್ಟೆಗಳಲ್ಲಿ ಮೈಮೇಲೆಯೇ ಬರೆದುಕೊಂಡು ಕೂತಿರುತ್ತದೆ. ಅದನ್ನು ಯಾರು ಶಂಕಿಸುತ್ತಾರೆ?

ಮೂರನೆಯ ಐಸಿಗೆ ಕೈ ಹಾಕುವ ಮೊದಲು ಮೀಟರ್ ಹಿಡಿದೆ. ಮೊದಲೇ ಹಿಡಿಯಬೇಕಿತ್ತು.

ಒಂದೇ ಪೂರೈಕೆಯಲ್ಲಿ ನಡೆಯುವ ಇಂತಹ ಸರ್ಕ್ಯೂಟಿನಲ್ಲಿ ಆಪ್-ಆಂಪಿನ ಒಳಹರಿವನ್ನು ಪೂರೈಕೆಯ ನಡುಮಧ್ಯದಲ್ಲಿ ನಿಲ್ಲಿಸಬೇಕು. ಧ್ವನಿಯ ಅಲೆ ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಆಡಬೇಕಲ್ಲ. ಅದಕ್ಕಾಗಿ 12 ವೋಲ್ಟಿನಿಂದ ಗ್ರೌಂಡಿನವರೆಗೆ ಎರಡು 10 ಕಿಲೋಓಮ್ ರೆಸಿಸ್ಟರುಗಳನ್ನು ಸಾಲಾಗಿ ಇಟ್ಟು, ಅವೆರಡರ ನಡುವಿನ ಬಿಂದುವಿನಿಂದ 6 ವೋಲ್ಟ್ ತೆಗೆಯುತ್ತಾರೆ. ನನ್ನ ಬೋರ್ಡಿನಲ್ಲಿ ಆ ಬಿಂದುವಿನಲ್ಲಿ ಇದ್ದದ್ದು 0.14 ವೋಲ್ಟ್. ಆಪ್-ಆಂಪಿನ ಹೊರಹರಿವೂ ಅಷ್ಟರಲ್ಲೇ ಕೂತಿತ್ತು. ಅಲೆಯ ಕೆಳ ಅರ್ಧಕ್ಕೆ ಇಳಿಯಲು ಜಾಗವೇ ಇಲ್ಲ.

ಎರಡೂ ರೆಸಿಸ್ಟರುಗಳ ಬಣ್ಣ ನೋಡಿದೆ. ಮೇಲಿನದು ಕಂದು, ಕಪ್ಪು, ಕಪ್ಪು, ಕೆಂಪು, ಕಂದು. ಕೆಳಗಿನದೂ ಕಂದು, ಕಪ್ಪು, ಕಪ್ಪು, ಕೆಂಪು, ಕಂದು. ಎರಡೂ 10 ಕಿಲೋಓಮ್, ಸರಿಯಾಗಿಯೇ ಇವೆ ಎಂದುಕೊಂಡು ಹತ್ತು ನಿಮಿಷ ಬೇರೆ ಕಡೆ ಹುಡುಕಿದೆ. ಕೊನೆಗೆ ಬೇಸರಕ್ಕೆ ಕೆಳಗಿನದರ ಒಂದು ಕಾಲನ್ನು ಬೆಸುಗೆಯಿಂದ ಬಿಡಿಸಿ ಅಳೆದರೆ ಮೀಟರ್ ತೋರಿಸಿದ್ದು 119.6 ಓಮ್.

ರೆಸಿಸ್ಟರ್ ಕೆಟ್ಟಿರಲಿಲ್ಲ. ಅದು ಹುಟ್ಟಿದಾಗಿನಿಂದಲೂ 120 ಓಮಿನದ್ದೇ. ನಾನು ಅದನ್ನು ಬಾಲದಿಂದ ತಲೆಗೆ ಓದಿದ್ದೆ. ಐದು ಪಟ್ಟೆಯದರಲ್ಲಿ ಮೊದಲ ಮೂರು ಪಟ್ಟೆ ಅಂಕೆಗಳು, ನಾಲ್ಕನೆಯದು ಎಷ್ಟು ಸೊನ್ನೆ ಸೇರಿಸಬೇಕೆಂಬ ಗುಣಕ, ಐದನೆಯದು ಟಾಲರೆನ್ಸ್, ಅಂದರೆ ಮೌಲ್ಯ ಆಚೀಚೆ ಎಷ್ಟು ಸರಿದಿರಬಹುದು ಎಂಬ ಮಿತಿ. ಕಂದು, ಕೆಂಪು, ಕಪ್ಪು, ಕಪ್ಪು, ಕಂದು ಎಂದರೆ 1, 2, 0, ಸೊನ್ನೆ ಸೇರಿಸಬೇಡ, ಟಾಲರೆನ್ಸ್ ಶೇ. 1. ಅದೇ ಐದು ಪಟ್ಟೆಗಳನ್ನು ಆಚೆ ತುದಿಯಿಂದ ಓದಿದರೆ 1, 0, 0, ಎರಡು ಸೊನ್ನೆ ಸೇರಿಸು, ಶೇ. 1. ಎರಡೂ ಓದು ವ್ಯಾಕರಣಬದ್ಧ, ಎರಡೂ ನಿತ್ಯ ಬಳಕೆಯ ಮೌಲ್ಯಗಳು. 12 ವೋಲ್ಟನ್ನು 120ರಿಂದ ಗುಣಿಸಿ 10,120ರಿಂದ ಭಾಗಿಸಿದರೆ 0.142 ವೋಲ್ಟ್; ಮೀಟರ್ ಮೊದಲೇ ಹೇಳಿದ್ದು ಅದನ್ನೇ. ಹರಿಯುತ್ತಿದ್ದದ್ದು 1.2 ಮಿಲಿಆಂಪಿಯರ್ ಅಷ್ಟೇ, ಆದ್ದರಿಂದ ಹೊಗೆಯೂ ಇಲ್ಲ, ಬಿಸಿಯೂ ಇಲ್ಲ.

ಮೇಜಿನ ಮೇಲಿನ ಚೀಟಿ

ಬಣ್ಣದ ಕ್ರಮವನ್ನು ನೆನಪಿಡಲು ಪರಭಾಷೆಯ ವಾಕ್ಯಗಳನ್ನು ಉರು ಹೊಡೆಯುವವರನ್ನು ಕಂಡರೆ ನನಗೆ ಕೊಂಚ ಬೆರಗು. ಕನ್ನಡದಲ್ಲಿ ಬಣ್ಣಗಳ ಹೆಸರುಗಳೇ ಸಾಲಾಗಿ ನಿಂತುಬಿಟ್ಟಿವೆ. ‘ಕ’ ನಾಲ್ಕು, ‘ಹ’ ಎರಡು, ‘ನ’ ಎರಡು, ‘ಬ’ ಎರಡು. ಅಲ್ಲಿಗೆ ಹತ್ತು ಅಂಕೆಗಳೂ ಮುಗಿದವು.

ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3
ಹಳದಿ 4, ಹಸಿರು 5
ನೀಲಿ 6, ನೇರಳೆ 7
ಬೂದು 8, ಬಿಳಿ 9

ಒಂದೊಂದು ಗುಂಪಿನ ಒಳಗಿನ ಕ್ರಮ ಮರೆತರೆ ಕುಲುಮೆಯಲ್ಲಿಟ್ಟ ಕಬ್ಬಿಣವನ್ನು ನೆನೆಯಿರಿ. ತಣ್ಣಗಿದ್ದಾಗ ಕಪ್ಪು, ಕಾಯುತ್ತ ಹೋದಂತೆ ಕಂದು, ಕೆಂಪು, ಕಿತ್ತಳೆ, ಹಳದಿ. ಕೆಂಪಿನಿಂದ ನೇರಳೆಯವರೆಗೆ ಕಾಮನಬಿಲ್ಲಿನ ಕ್ರಮವೇ, ನಡುವಿನ ಊದಾ ಒಂದನ್ನು ಬಿಟ್ಟು. ಕೊನೆಗೆ ಬೂದಿ, ಆಮೇಲೆ ಬಿಳುಪು.

ಈ ಹತ್ತು ಅಂಕೆಗಳೇ ಗುಣಕದ ಪಟ್ಟೆಯಲ್ಲಿ ಎಷ್ಟು ಸೊನ್ನೆ ಸೇರಿಸಬೇಕು ಎಂದು ಹೇಳುತ್ತವೆ. ಗುಣಕದ ಜಾಗದಲ್ಲಿ ಚಿನ್ನದ ಬಣ್ಣವಿದ್ದರೆ ಹತ್ತರಿಂದ ಭಾಗಿಸಬೇಕು, ಬೆಳ್ಳಿಯಿದ್ದರೆ ನೂರರಿಂದ. ಟಾಲರೆನ್ಸ್ ಪಟ್ಟೆಯಲ್ಲಿ ಕಂದು ಶೇ. 1, ಕೆಂಪು ಶೇ. 2, ಹಸಿರು ಶೇ. 0.5, ನೀಲಿ ಶೇ. 0.25, ನೇರಳೆ ಶೇ. 0.1, ಚಿನ್ನ ಶೇ. 5, ಬೆಳ್ಳಿ ಶೇ. 10. ಹಳೆಯ ಮೂರು ಪಟ್ಟೆಯ ರೆಸಿಸ್ಟರುಗಳಲ್ಲಿ ಆ ಪಟ್ಟೆಯೇ ಇಲ್ಲ, ಇಲ್ಲದಿದ್ದರೆ ಶೇ. 20. ಇದೆಲ್ಲ ಐಇಸಿ 60062 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇರುವುದರಿಂದ ರೆಸಿಸ್ಟರ್ ಎಲ್ಲಿಯೇ ತಯಾರಾಗಿರಲಿ, ಓದುವ ರೀತಿ ಒಂದೇ.

ನಮ್ಮ ಭಾಷೆಯ ಈ ಅನುಕೂಲದೊಳಗೆ ಒಂದು ಹೊಂಡವೂ ಇದೆ. ಒಬ್ಬರು ಬಣ್ಣ ಹೇಳಿ ಇನ್ನೊಬ್ಬರು ಬರೆದುಕೊಳ್ಳುವಾಗ ‘ಬಿಳಿ’ ಮತ್ತು ‘ಬೆಳ್ಳಿ’ ಒಂದೇ ಆಗಿ ಕೇಳಿಸುತ್ತವೆ. ಗುಣಕದ ಜಾಗದಲ್ಲಿ ಬಿಳಿ ಎಂದರೆ ಒಂಬತ್ತು ಸೊನ್ನೆ, ಬೆಳ್ಳಿ ಎಂದರೆ ನೂರರಲ್ಲಿ ಒಂದು ಪಾಲು. ನಾನು ‘ಬೆಳ್ಳಿ ಲೋಹದ ಬಣ್ಣ’ ಎಂದೇ ಪೂರ್ತಿ ಹೇಳುತ್ತೇನೆ.

ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಸಂಗತಿ ಬರೆದಿಟ್ಟುಕೊಂಡಿದ್ದೇನೆ, ನಿತ್ಯ ಬಳಸುವುದು ಅದನ್ನೇ. ನಾಲ್ಕು ಪಟ್ಟೆಯ ರೆಸಿಸ್ಟರಿನಲ್ಲಿ ಮೂರನೆಯ ಪಟ್ಟೆ ಕಪ್ಪಾದರೆ ಮೌಲ್ಯ ಹತ್ತಾರು ಓಮ್, ಕಂದಾದರೆ ನೂರಾರು, ಕೆಂಪಾದರೆ ಕೆಲವು ಕಿಲೋಓಮ್, ಕಿತ್ತಳೆಯಾದರೆ ಹತ್ತಾರು ಕಿಲೋಓಮ್, ಹಳದಿಯಾದರೆ ನೂರಾರು ಕಿಲೋಓಮ್, ಹಸಿರಾದರೆ ಮೆಗಾಓಮ್. ಐದು ಪಟ್ಟೆಯದರಲ್ಲಿ ಅಂಕೆಗಳು ಮೂರಾಗುವುದರಿಂದ ಗುಣಕ ಒಂದು ಮನೆ ಹಿಂದೆ ಸರಿಯುತ್ತದೆ. ಅಲ್ಲಿ ನಾಲ್ಕನೆಯ ಪಟ್ಟೆ ಕಂದಾದರೆ ಕೆಲವು ಕಿಲೋಓಮ್, ಕೆಂಪಾದರೆ ಹತ್ತಾರು ಕಿಲೋಓಮ್. ‘ಕೆಂಪು ಎಂದರೆ ಕಿಲೋ’ ಎಂದು ನಾಲ್ಕು ಪಟ್ಟೆಯಲ್ಲಿ ಪಳಗಿದ ಕಣ್ಣು ಐದು ಪಟ್ಟೆಯಲ್ಲಿ ಹತ್ತು ಪಟ್ಟು ತಪ್ಪುವುದು ಇಲ್ಲೇ. 4.7 ಕಿಲೋಓಮ್ ನಾಲ್ಕು ಪಟ್ಟೆಯಲ್ಲಿ ಹಳದಿ, ನೇರಳೆ, ಕೆಂಪು, ಚಿನ್ನ. ಐದು ಪಟ್ಟೆಯಲ್ಲಿ ಹಳದಿ, ನೇರಳೆ, ಕಪ್ಪು, ಕಂದು, ಕಂದು.

ತಲೆ ಯಾವುದು, ಬಾಲ ಯಾವುದು

ಚಿನ್ನ ಅಥವಾ ಬೆಳ್ಳಿ ಒಂದು ತುದಿಯಲ್ಲಿದ್ದರೆ ಚರ್ಚೆಯಿಲ್ಲ, ಅದು ಬಾಲ. ಮೌಲ್ಯದ ಮೊದಲ ಅಂಕೆ ಚಿನ್ನವಾಗುವುದಿಲ್ಲ, ಬೆಳ್ಳಿಯಾಗುವುದಿಲ್ಲ; ಸಾಮಾನ್ಯವಾಗಿ ಕಪ್ಪೂ ಆಗುವುದಿಲ್ಲ. ತೊಂದರೆಯೆಲ್ಲ ಶೇ. 1ರ ಐದು ಪಟ್ಟೆಯ ರೆಸಿಸ್ಟರುಗಳದ್ದು, ಏಕೆಂದರೆ ಅವುಗಳ ಬಾಲ ಕಂದು, ಮತ್ತು ಕಂದು ಒಂದರ ಅಂಕೆಯೂ ಹೌದು.

ಪುಸ್ತಕಗಳು ಹೇಳುವ ಗುರುತುಗಳು ಎರಡು ಮೂರು ಇವೆ. ಟಾಲರೆನ್ಸ್ ಪಟ್ಟೆ ಉಳಿದವುಗಳಿಂದ ತುಸು ದೂರದಲ್ಲಿರುತ್ತದೆ, ಕೆಲವೊಮ್ಮೆ ಉಳಿದವುಗಳಿಗಿಂತ ಅಗಲವಾಗಿರುತ್ತದೆ, ಮೊದಲ ಪಟ್ಟೆ ತುದಿಗೆ ಹೆಚ್ಚು ಹತ್ತಿರವಿರುತ್ತದೆ. ಕಾಲು ವ್ಯಾಟಿನ ಪುಟ್ಟ ರೆಸಿಸ್ಟರಿನಲ್ಲಿ ಈ ಅಂತರ ಕೂದಲೆಳೆಯಷ್ಟು. ಅಗ್ಗದ ತಯಾರಿಕೆಯಲ್ಲಿ ಐದೂ ಪಟ್ಟೆಗಳು ಸಮಾನ ದೂರದಲ್ಲಿ, ಸಮಾನ ಅಗಲದಲ್ಲಿ ಇರುವುದನ್ನೂ ಬೇಕಾದಷ್ಟು ಕಂಡಿದ್ದೇನೆ. ಭೂತಗನ್ನಡಿ ಹಿಡಿದರೂ ನಿರ್ಧಾರವಾಗದಿದ್ದರೆ ಎರಡೂ ಕಡೆಯಿಂದ ಓದಿ, ಯಾವುದು ಅಸಂಬದ್ಧವೋ ಅದನ್ನು ಬಿಡುವುದೇ ಲೇಸು.

ಮೇಲಿನ 4.7 ಕಿಲೋಓಮಿನದನ್ನು ತಿರುಗಿಸಿ ಓದಿ. ಕಂದು, ಕಂದು, ಕಪ್ಪು, ನೇರಳೆ, ಹಳದಿ. 110ರ ಮುಂದೆ ಏಳು ಸೊನ್ನೆ, ಅಂದರೆ 1.1 ಗಿಗಾಓಮ್. ಆಂಪ್ಲಿಫೈಯರಿನಲ್ಲಿ ಅಂತಹದ್ದೇನೂ ಇರುವುದಿಲ್ಲ, ಬಿಟ್ಟುಬಿಡಬಹುದು. ನಾಲ್ಕರಿಂದ, ಐದರಿಂದ, ಆರರಿಂದ, ಏಳರಿಂದ ಆರಂಭವಾಗುವ ನಿತ್ಯದ ಮೌಲ್ಯಗಳಲ್ಲಿ ಹೆಚ್ಚಿನವು ಹೀಗೆ ತಿರುಗಿಸಿದ ಕೂಡಲೇ ತಮ್ಮ ಬಣ್ಣ ತಾವೇ ಬಯಲು ಮಾಡುತ್ತವೆ. ಇನ್ನೊಂದು ಜರಡಿ ಇ-ಸರಣಿ. ರೆಸಿಸ್ಟರುಗಳನ್ನು ಬೇಕಾದ ಮೌಲ್ಯಕ್ಕೆಲ್ಲ ತಯಾರಿಸುವುದಿಲ್ಲ. ಇ12 ಸರಣಿಯಲ್ಲಿ ಇರುವುದು 10, 12, 15, 18, 22, 27, 33, 39, 47, 56, 68, 82 ಎಂಬ ಹನ್ನೆರಡೇ. ಅವುಗಳ ಹತ್ತು ಪಟ್ಟು, ನೂರು ಪಟ್ಟುಗಳಷ್ಟೇ ಸಿಗುತ್ತವೆ. ಇ24 ಆದರೆ ಇವುಗಳ ನಡುವೆ 11, 13, 16, 20, 24, 30, 36, 43, 51, 62, 75, 91 ಸೇರುತ್ತವೆ. ನೀವು ಓದಿದ ಮೊದಲೆರಡು ಅಂಕೆ 46 ಎಂದು ಬಂದರೆ ನೇರಳೆಯನ್ನು ನೀಲಿ ಎಂದುಕೊಂಡಿದ್ದೀರಿ ಎಂದೇ ಮೊದಲ ಅನುಮಾನ. ಶೇ. 1ರ ರೆಸಿಸ್ಟರುಗಳಿಗೆ ಇ96 ಎಂಬ 96 ಮೌಲ್ಯಗಳ ಸರಣಿಯೂ ಇದೆ, ಅದರಲ್ಲಿ 464 ಎಂಬುದೂ ಇದೆ. ಹಾಗಾಗಿ ಐದು ಪಟ್ಟೆಯದರಲ್ಲಿ ಈ ಜರಡಿಯ ಕಣ್ಣು ದೊಡ್ಡದು.

ಒಂದರಿಂದ ಆರಂಭವಾಗುವವು ಮಾತ್ರ ಎರಡು ತಲೆಯ ಹಾವುಗಳು. 1 ಕಿಲೋಓಮನ್ನು ತಿರುಗಿಸಿದರೆ 110 ಓಮ್. 10 ಕಿಲೋಓಮ್ ತಿರುಗಿಸಿದರೆ 120 ಓಮ್. 100 ಕಿಲೋಓಮ್ ತಿರುಗಿಸಿದರೆ 130 ಓಮ್. 11 ಕಿಲೋಓಮ್ 1.2 ಕಿಲೋಓಮ್ ಆಗುತ್ತದೆ. ಇವೆಲ್ಲ ಸರಣಿಯಲ್ಲಿರುವ ನಿಜ ಮೌಲ್ಯಗಳೇ, ಟಾಲರೆನ್ಸ್ ಕೂಡ ಅದೇ ಶೇ. 1. ಎರಡರಿಂದ ಆರಂಭವಾಗುವವುಗಳಲ್ಲಿ 22 ಕಿಲೋಓಮ್ ಹುಷಾರು: ಕೆಂಪು, ಕೆಂಪು, ಕಪ್ಪು, ಕೆಂಪು, ಕಂದು ತಿರುಗಿದರೆ 12 ಕಿಲೋಓಮ್, ಶೇ. 2. ವಿನೋದಕ್ಕೆ ಹೇಳುವುದಾದರೆ 100 ಓಮ್ ಮತ್ತು 12 ಕಿಲೋಓಮ್ ‘ವಿಕಟಕವಿ’ಗಳು, ಶೇ. 1ರ ಐದು ಪಟ್ಟೆಯಲ್ಲಿ ಯಾವ ಕಡೆಯಿಂದ ಓದಿದರೂ ಅದೇ ಉತ್ತರ. ಈ ಜೋಡಿಗಳನ್ನು ಬಣ್ಣ ನೋಡಿ ಬಿಡಿಸಲು ಹೋಗಬೇಡಿ. ಮೀಟರ್ ಇರುವುದೇ ಅದಕ್ಕೆ.

ಮೀಟರಿಗೂ ಮೋಸವಾಗುತ್ತದೆ

ಬಿಡಿ ರೆಸಿಸ್ಟರನ್ನು ಅಳೆಯುವಾಗ ಎರಡೂ ಕಾಲುಗಳನ್ನು ಬೆರಳುಗಳಿಂದ ಪ್ರೋಬಿಗೆ ಒತ್ತಿ ಹಿಡಿಯುವುದು ಎಲ್ಲರ ಅಭ್ಯಾಸ. 1 ಕಿಲೋಓಮಿಗೆ ಅದರಿಂದ ತೊಂದರೆಯಿಲ್ಲ. 1 ಮೆಗಾಓಮಿನದನ್ನು ಹಾಗೆ ಹಿಡಿದರೆ ನಿಮ್ಮ ಮೈಯೂ ಅದಕ್ಕೆ ಸಮಾಂತರವಾಗಿ ಸೇರಿ, ಕೈ ಬೆವರಿದ್ದರಂತೂ ಮೌಲ್ಯ ಗಣನೀಯವಾಗಿ ಇಳಿಯುತ್ತದೆ. ಒಂದು ಕಾಲನ್ನಷ್ಟೇ ಮುಟ್ಟಿ. ಕೆಳ ತುದಿಯಲ್ಲಿ ಇದರ ತದ್ವಿರುದ್ಧ. ಹಳದಿ, ನೇರಳೆ, ಬೆಳ್ಳಿ, ಚಿನ್ನ ಎಂದರೆ 0.47 ಓಮ್, ಪ್ರೋಬಿನ ತಂತಿಗಳದ್ದೇ 0.2, 0.3 ಓಮ್ ಇರುತ್ತದೆ. ಮೊದಲು ಎರಡು ಪ್ರೋಬುಗಳನ್ನು ತಾಗಿಸಿ ಬಂದ ಅಂಕಿಯನ್ನು ಕಳೆಯದಿದ್ದರೆ ಒಳ್ಳೆಯ ರೆಸಿಸ್ಟರನ್ನು ಕೆಟ್ಟದ್ದೆಂದು ಎಸೆಯುತ್ತೀರಿ.

ಟಾಲರೆನ್ಸಿನ ಗಡಿಯನ್ನೂ ಲೆಕ್ಕ ಹಾಕಿ. 4.7 ಕಿಲೋಓಮ್, ಶೇ. 5 ಎಂದರೆ 4,465ರಿಂದ 4,935 ಓಮಿನವರೆಗೆ ಏನು ಬಂದರೂ ಅದು ಮಾತಿಗೆ ತಪ್ಪಿಲ್ಲ. ಸಾಮಾನ್ಯ ಕೈಮೀಟರುಗಳ ನಿಖರತೆಯೇ ಶೇ. 0.5ರಿಂದ 1ರ ಆಸುಪಾಸಿನಲ್ಲಿ ಇರುವುದರಿಂದ 10 ಕಿಲೋಓಮಿನ ಶೇ. 1ರ ರೆಸಿಸ್ಟರ್ 10,130 ತೋರಿಸಿದರೆ ಯಾರ ತಪ್ಪೆಂದು ಜಗಳ ಬೇಡ.

ಬೋರ್ಡಿನ ಮೇಲೆಯೇ ಅಳೆಯುವಾಗ ಒಂದು ಸೂತ್ರ ನನ್ನ ಎಷ್ಟೋ ಸಂಜೆಗಳನ್ನು ಉಳಿಸಿದೆ. ವಿದ್ಯುತ್ ಕಡಿದು, ಕೆಪಾಸಿಟರುಗಳನ್ನು ಖಾಲಿ ಮಾಡಿ ಅಳೆದಾಗ ಮೀಟರ್ ಬಣ್ಣಕ್ಕಿಂತ ಕಡಿಮೆ ತೋರಿಸಿದರೆ ಏನೂ ಸಾಬೀತಾಗುವುದಿಲ್ಲ. ಪಕ್ಕದ ಭಾಗಗಳ ಮೂಲಕ ಇನ್ನೊಂದು ದಾರಿ ಇರಬಹುದು, ಸಮಾಂತರ ದಾರಿ ಯಾವಾಗಲೂ ಮೌಲ್ಯವನ್ನು ಇಳಿಸುತ್ತದೆ. ಬಣ್ಣಕ್ಕಿಂತ ಹೆಚ್ಚು ತೋರಿಸಿದರೆ, ಟಾಲರೆನ್ಸಿಗೂ ಮೀರಿ ಹೆಚ್ಚಿದ್ದರೆ, ಆ ರೆಸಿಸ್ಟರ್ ಕೆಟ್ಟಿದೆ ಅಥವಾ ನೀವು ಬಣ್ಣವನ್ನು ತಪ್ಪು ಓದಿದ್ದೀರಿ. ಮೌಲ್ಯವನ್ನು ಏರಿಸಬಲ್ಲ ಸಮಾಂತರ ದಾರಿ ಎಂಬುದಿಲ್ಲ. ರೆಸಿಸ್ಟರ್ ಕೆಡುವ ಬಗೆಯೂ ಇದಕ್ಕೆ ಒಗ್ಗುತ್ತದೆ. ಅದು ಕೆಟ್ಟಾಗ ಬಹುಪಾಲು ಮೌಲ್ಯ ಏರುತ್ತದೆ, ಇಲ್ಲವೇ ಪೂರ್ತಿ ಕಡಿದುಹೋಗುತ್ತದೆ. ತಾನೇ ತಾನಾಗಿ ಶಾರ್ಟ್ ಆಗುವುದು ಅಪರೂಪ.

ಕಡಿಮೆ ತೋರಿಸಿದಾಗ ಪ್ರೋಬುಗಳನ್ನು ಅದಲುಬದಲು ಮಾಡಿ. ಅಂಕಿ ಬದಲಾದರೆ ಸಮಾಂತರದಲ್ಲಿ ಡಯೋಡ್ ಅಥವಾ ಟ್ರಾನ್ಸಿಸ್ಟರ್ ಇದೆ. ಅಂಕಿ ನಿಲ್ಲದೆ ನಿಧಾನವಾಗಿ ಏರುತ್ತಲೇ ಇದ್ದರೆ ಯಾವುದೋ ಕೆಪಾಸಿಟರ್ ಮೀಟರಿನಿಂದಲೇ ತುಂಬಿಕೊಳ್ಳುತ್ತಿದೆ, ಕಾಯಿರಿ. ಯಾವುದೂ ಬಗೆಹರಿಯದಿದ್ದರೆ ಒಂದು ಕಾಲನ್ನು ಬಿಡಿಸಿ ಅಳೆಯುವುದೇ ದಾರಿ. ಎರಡೂ ಕಾಲು ಬಿಡಿಸಬೇಕಾಗಿಲ್ಲ.

‘ಕೆಪಾಸಿಟರುಗಳನ್ನು ಖಾಲಿ ಮಾಡಿ’ ಎಂದು ಹಗುರವಾಗಿ ಹೇಳಿಬಿಟ್ಟೆ. 230 ವೋಲ್ಟಿನ ಲೈನಿನಿಂದ ನಡೆಯುವ ಸ್ವಿಚಿಂಗ್ ಪವರ್ ಸಪ್ಲೈಗಳಲ್ಲಿ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಹೆಚ್ಚು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಮೆಲ್ಲಗೆ ಖಾಲಿ ಮಾಡಲೆಂದೇ ಒಂದು ದೊಡ್ಡ ಮೌಲ್ಯದ ರೆಸಿಸ್ಟರ್ ಇಟ್ಟಿರುತ್ತಾರೆ, ಆದರೆ ನೀವು ರಿಪೇರಿಗೆ ತೆರೆದಿರುವುದು ಆ ರೆಸಿಸ್ಟರೇ ಕಡಿದುಹೋಗಿರುವ ಪೆಟ್ಟಿಗೆ ಇರಬಹುದು. ಪ್ಲಗ್ ಕಿತ್ತು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಬೇಡಿ, ಕೆಪಾಸಿಟರಿನ ಮೇಲೆ ವೋಲ್ಟ್ ಅಳೆದು ನೋಡಿ. ಉಳಿದಿದ್ದರೆ ಕೆಲವು ಕಿಲೋಓಮಿನ, ನಾಲ್ಕೈದು ವ್ಯಾಟಿನ ರೆಸಿಸ್ಟರಿನ ಮೂಲಕ ಇಳಿಸಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವುದು ಬೇಡ. ಇಂತಹ ಸಪ್ಲೈಗಳಲ್ಲಿ ಐಸಿಗೆ ಮೊದಲ ತುತ್ತು ವಿದ್ಯುತ್ ಕೊಡುವ, ನೂರಾರು ಕಿಲೋಓಮಿನ ರೆಸಿಸ್ಟರುಗಳಿರುತ್ತವೆ. ಅವು ಬಣ್ಣ ಕೆಡದೆ, ಮೈ ಸುಡದೆ, ಸದ್ದಿಲ್ಲದೆ ಕಡಿದುಹೋಗುತ್ತವೆ. ಸಪ್ಲೈ ಪೂರ್ತಿ ಸತ್ತಿದ್ದು, ಫ್ಯೂಸ್ ಚೆನ್ನಾಗಿಯೇ ಇದ್ದರೆ ನಾನು ಮೊದಲು ಅಳೆಯುವುದು ಅವನ್ನೇ.

ಸುಟ್ಟ ಮೈಯ ಬಣ್ಣ

ಬಿಸಿ ತಿಂದ ಬಣ್ಣ ಸುಳ್ಳು ಹೇಳುತ್ತದೆ. ಕೆಂಪು ಕಂದಾಗುತ್ತದೆ, ಕಿತ್ತಳೆಯೂ ಕಂದಿನ ಕಡೆಗೇ ವಾಲುತ್ತದೆ, ಬಿಳಿ ಹಳದಿಯಾಗುತ್ತದೆ, ನೇರಳೆ ಮಾಸಿ ಬೂದಿನಂತೆ ಕಾಣುತ್ತದೆ. ಕೆಂಪು ಕಂದಾದರೆ ಗುಣಕದಲ್ಲಿ ಹತ್ತು ಪಟ್ಟು ವ್ಯತ್ಯಾಸ. ಆದ್ದರಿಂದ ಮೈ ಕಪ್ಪಾದ ರೆಸಿಸ್ಟರಿನ ಪಟ್ಟೆಗಳನ್ನು ಓದಿ ಹೊಸದನ್ನು ಹಾಕುವುದು ಜೂಜು. ಸರ್ಕ್ಯೂಟಿನ ನಕ್ಷೆ ಸಿಕ್ಕರೆ ಸರಿ. ಸ್ಟೀರಿಯೊ ಉಪಕರಣವಾದರೆ ಇನ್ನೊಂದು ಚಾನೆಲಿನಲ್ಲಿ ಅದರ ಅವಳಿ ಕೂತಿರುತ್ತದೆ, ಅದನ್ನು ನೋಡಿ. ಎರಡೂ ಇಲ್ಲದಿದ್ದರೆ ಮೇಲಿನ ಲೇಪವನ್ನು ಮೆಲ್ಲಗೆ ಕೆರೆದು, ಸುಟ್ಟು ಕಡಿದ ಜಾಗದ ಎರಡೂ ಬದಿಗಳಿಗೆ ಆಯಾ ಕಾಲಿನಿಂದ ಅಳೆದು ಕೂಡಿಸಿದರೆ ಮೂಲ ಮೌಲ್ಯದ ಒಂದು ಅಂದಾಜು ಬರುತ್ತದೆ. ಆ ಅಂದಾಜಿಗೆ ಹತ್ತಿರದ ಇ12 ಮೌಲ್ಯವನ್ನೂ, ಉಳಿದಿರುವ ಬಣ್ಣದ ಚೂರುಗಳನ್ನೂ ಹೊಂದಿಸಿದರೆ ಬಹಳಷ್ಟು ಸಲ ಉತ್ತರ ಒಂದೇ ಉಳಿಯುತ್ತದೆ.

ಆದರೆ ಸುಟ್ಟ ರೆಸಿಸ್ಟರ್ ಅಪರಾಧಿಗಿಂತ ಹೆಚ್ಚಾಗಿ ಬಲಿಪಶು. 12 ವೋಲ್ಟಿನ ದಾರಿಯಲ್ಲಿರುವ 100 ಓಮಿನ ಕಾಲು ವ್ಯಾಟ್ ರೆಸಿಸ್ಟರನ್ನು ತೆಗೆದುಕೊಳ್ಳಿ. ಅದರ ಮುಂದಿನ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಪೂರ್ತಿ 12 ವೋಲ್ಟ್ ಅದರ ಮೇಲೆ ಬೀಳುತ್ತದೆ. 144ನ್ನು 100ರಿಂದ ಭಾಗಿಸಿದರೆ 1.44 ವ್ಯಾಟ್, ತಾಳಬಲ್ಲದ್ದಕ್ಕಿಂತ ಸುಮಾರು ಆರು ಪಟ್ಟು. ಹೊಸ ರೆಸಿಸ್ಟರ್ ಹಾಕಿ ವಿದ್ಯುತ್ ಕೊಟ್ಟರೆ ಅದೂ ಸುಡುತ್ತದೆ, ಈ ಸಲ ನಿಮ್ಮ ಕಣ್ಣೆದುರೇ. ಬದಲಿಸುವ ಮೊದಲು ಅದರ ಆಚೆ ತುದಿಯಿಂದ ಗ್ರೌಂಡಿಗೆ ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಮೂಲ ದೋಷ ಅಲ್ಲಿದೆ. ಮತ್ತೆ ಸುಡಬಾರದೆಂದು ದೊಡ್ಡ ವ್ಯಾಟಿನದನ್ನು ಹಾಕುವ ಆಸೆ ಬಂದರೆ ತಡೆಯಿರಿ. ಪವರ್ ಸಪ್ಲೈಗಳ ಕೆಲವು ರೆಸಿಸ್ಟರುಗಳನ್ನು ಫ್ಯೂಸಿನಂತೆ ಸುರಕ್ಷಿತವಾಗಿ ಕಡಿದುಹೋಗಲೆಂದೇ ಆಯ್ದಿರುತ್ತಾರೆ. ಅಂತಹ ಜಾಗಕ್ಕೆ ಅದೇ ಬಗೆಯದ್ದೇ ಬೇಕು.

ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರುಗಳು ಸುಡದೆಯೂ ಕೆಡುತ್ತವೆ. ತೇವಾಂಶ ಮತ್ತು ವಯಸ್ಸು ಸೇರಿ ಅವುಗಳ ಮೌಲ್ಯ ವರ್ಷಗಟ್ಟಲೆ ಏರುತ್ತ ಹೋಗುತ್ತದೆ, ದೊಡ್ಡ ಮೌಲ್ಯದವು ಹೆಚ್ಚು. ವಾಲ್ವ್ ರೇಡಿಯೊ ತೆರೆದರೆ ಬಣ್ಣವನ್ನು ನಂಬದೆ ಪ್ರತಿಯೊಂದನ್ನೂ ಅಳೆಯಿರಿ. ಆ ಕಾಲದ ಕೆಲವು ರೇಡಿಯೊಗಳಲ್ಲಿ ಪಟ್ಟೆಗಳೇ ಇರುವುದಿಲ್ಲ. ಮೈಯ ಬಣ್ಣ ಮೊದಲ ಅಂಕೆ, ಒಂದು ತುದಿಯ ಬಣ್ಣ ಎರಡನೆಯ ಅಂಕೆ, ನಡುವಿನ ಚುಕ್ಕೆ ಗುಣಕ. ಚುಕ್ಕೆ ಕಾಣದಿದ್ದರೆ ಅದೂ ಮೈಯ ಬಣ್ಣದ್ದೇ ಎಂದು ತಿಳಿಯಬೇಕು.

ರೆಸಿಸ್ಟರಲ್ಲದ ರೆಸಿಸ್ಟರ್

‘ಕಂದು, ಕಪ್ಪು, ಕೆಂಪು, ಬೆಳ್ಳಿ. 1 ಕಿಲೋಓಮ್ ಇರಬೇಕಿತ್ತು, ಕೆಲವೇ ಓಮ್ ತೋರಿಸುತ್ತಿದೆ, ಶಾರ್ಟ್ ಆಗಿದೆ.’ ಹೀಗೆ ಹೇಳಿ ಒಳ್ಳೆಯ ಭಾಗವನ್ನು ಕಿತ್ತವರು ಬಹಳ. ಮೈ ತಿಳಿ ಹಸಿರಾಗಿದ್ದು ತುಸು ಉಬ್ಬಿಕೊಂಡಿದ್ದರೆ ಅದು ಇಂಡಕ್ಟರ್ ಆಗಿರುವ ಸಾಧ್ಯತೆ ದೊಡ್ಡದು. ಬಣ್ಣಗಳ ಅರ್ಥ ಅವೇ, ಆದರೆ ಅಳತೆ ಮೈಕ್ರೊಹೆನ್ರಿಯಲ್ಲಿ; ಮೇಲಿನದು 1,000 ಮೈಕ್ರೊಹೆನ್ರಿ. ಒಳಗಿರುವುದು ತಂತಿಯ ಸುರುಳಿ, ಕೆಲವು ಓಮ್ ಬರುವುದೇ ಸರಿ. ಬೋರ್ಡಿನ ಮೇಲೆ ಅದರ ಪಕ್ಕ ಆರ್ ಅಕ್ಷರವಿದೆಯೋ ಎಲ್ ಅಕ್ಷರವಿದೆಯೋ ನೋಡಿದರೆ ಗೊಂದಲ ಮುಗಿಯುತ್ತದೆ. ಒಂದೇ ಒಂದು ಕಪ್ಪು ಪಟ್ಟೆ ನಟ್ಟನಡುವೆ ಇದ್ದರೆ ಅದು ಸೊನ್ನೆ ಓಮ್, ಅಂದರೆ ರೆಸಿಸ್ಟರಿನ ವೇಷ ತೊಟ್ಟ ತಂತಿ. ಗಾಜಿನ ಮೈಯ ಒಂದು ತುದಿಯಲ್ಲಿ ಪಟ್ಟೆಯಿದ್ದರೆ ಡಯೋಡ್.

ಆರು ಪಟ್ಟೆಯದನ್ನು ಕಂಡು ಗಾಬರಿ ಬೇಡ. ಮೊದಲ ಐದನ್ನು ಎಂದಿನಂತೆ ಓದಿ. ಆರನೆಯದು ಉಷ್ಣತೆ ಒಂದು ಡಿಗ್ರಿ ಬದಲಾದರೆ ಮೌಲ್ಯ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಸರಿಯುತ್ತದೆ ಎಂಬುದು. ಕಂದು 100, ಕೆಂಪು 50, ಕಿತ್ತಳೆ 15, ಹಳದಿ 25.

ಬೆಳಕಿನ ಬಗ್ಗೆ ಒಂದು ಮಾತು. ಹಳದಿ ದೀಪದ ಕೆಳಗೆ ಕೆಂಪು, ಕಿತ್ತಳೆ, ಕಂದು ಮೂರೂ ಒಂದೇ ಕುಟುಂಬದವರಂತೆ ಕಾಣುತ್ತವೆ. ಮೆಟಲ್ ಫಿಲ್ಮ್ ರೆಸಿಸ್ಟರಿನ ನೀಲಿ ಮೈಯ ಮೇಲೆ ಕಂದು ಕಪ್ಪಾಗಿ ಕಾಣುತ್ತದೆ, ನೇರಳೆ ಕರಗಿಯೇ ಹೋಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸುವುದು ಪಟ್ಟೆಗಳ ಅಂತರ ನೋಡಲು ಒಳ್ಳೆಯದು, ಬಣ್ಣ ನೋಡಲು ಅಲ್ಲ. ಕ್ಯಾಮೆರಾ ತನಗೆ ತೋಚಿದಂತೆ ಬಿಳುಪನ್ನು ತಿದ್ದುತ್ತದೆ. ಹಗಲಿನ ಬೆಳಕಿನಲ್ಲಿ, ಬಿಳಿ ಹಾಳೆಯ ಮೇಲೆ, ಮೌಲ್ಯ ಗೊತ್ತಿರುವ ಇನ್ನೊಂದು ರೆಸಿಸ್ಟರನ್ನು ಪಕ್ಕದಲ್ಲಿಟ್ಟು ನೋಡಿ. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣಾದರೆ ಈ ಸರ್ಕಸ್ಸೇ ಬೇಡ, ನೇರ ಮೀಟರ್.

ಇಷ್ಟಾದ ಮೇಲೆ ನನ್ನ ಡ್ರಾಯರಿನ ಕಥೆ. 120 ಓಮಿನವು 10 ಕಿಲೋಓಮಿನ ಖಾನೆಗೆ ಹೋದದ್ದು ಹೇಗೆಂದು ಹುಡುಕಬೇಕಾಗಿರಲಿಲ್ಲ. ಕಾಗದದ ಅಂಟುಪಟ್ಟಿ ಕಿತ್ತುಹೋಗಿದ್ದ ಹತ್ತರ ಒಂದು ಕಟ್ಟನ್ನು ಒಂದು ರಾತ್ರಿ ಹಳದಿ ದೀಪದ ಕೆಳಗೆ ಓದಿ ಅಲ್ಲಿ ಸುರಿದವನು ನಾನೇ. ಖಾನೆಯಲ್ಲಿದ್ದ ಅಷ್ಟನ್ನೂ ಒಂದೊಂದಾಗಿ ಅಳೆದೆ. 120 ಓಮಿನವು ಎಂಟು ಸಿಕ್ಕವು. ಆಂಪ್ಲಿಫೈಯರಿನಿಂದ ತೆಗೆದದ್ದು ಒಂಬತ್ತನೆಯದು. ಹತ್ತನೆಯದಕ್ಕಾಗಿ ಆ ನಡುವೆ ಜೋಡಿಸಿದ್ದ ಬೋರ್ಡುಗಳನ್ನೆಲ್ಲ ತೆಗೆದು ಕೂತೆ. ಕೊನೆಗೆ ಸಿಕ್ಕಿದ್ದು, ತಿಂಗಳುಗಳಿಂದ ಒಂದೂ ದೂರಿಲ್ಲದೆ ನಡೆಯುತ್ತಿದ್ದ ಟೈಮರಿನಲ್ಲಿ. ರೀಸೆಟ್ ಕಾಲನ್ನು 5 ವೋಲ್ಟಿಗೆ ಎತ್ತಿ ಹಿಡಿಯುವ ರೆಸಿಸ್ಟರ್ ಅದು. ಗುಂಡಿ ಒತ್ತಿದಾಗ ಅರ್ಧ ಮಿಲಿಆಂಪಿಯರ್ ಹರಿಯಬೇಕಾದ ಕಡೆ 42 ಮಿಲಿಆಂಪಿಯರ್ ಹರಿಯುತ್ತಿತ್ತು. ಒತ್ತದಿದ್ದಾಗ ಎರಡಕ್ಕೂ ಯಾವ ವ್ಯತ್ಯಾಸವೂ ಇಲ್ಲ, ಆ ಗುಂಡಿಯನ್ನು ಒತ್ತುವ ಪ್ರಸಂಗವೇ ಬಂದಿರಲಿಲ್ಲ.